ಬೇಚರಾಕ್ ಊರಿನ ಕೇರಿ ಎಲ್ಲಿತ್ತು?

ಕಂದಾಯ ಇಲಾಖೆಯ ಕಡತಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಪಾರಸಿ ಮಾತುಗಳಲ್ಲಿ ‘ಬೇಚರಾಕ್’ ಎಂಬುದೂ ಒಂದು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಗಡಿಕಲ್ಲು, ಸರ್ವೆ ನಂಬರು, ಕೆರೆ, ಗೋಮಾಳ ಎಲ್ಲ ಇದ್ದೂ ವಾಸದ ಮನೆ ಒಂದೂ ಇಲ್ಲದ ಗ್ರಾಮಕ್ಕೆ ಸರ್ಕಾರದವರು ಹೀಗೆ ಬರೆಯುತ್ತಾರೆ. ನಮ್ಮ ಜನ ಅದನ್ನೇ ‘ಹಾಳೂರು’ ಅಂತಾರೆ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕುಮುದ್ವತಿ, ದಂಡಾವತಿ, ವರದಾ ಹೊಳೆಗಳ ಆಸುಪಾಸು ನಡೆದಾಡಿದವರಿಗೆ ಹಾಳೂರು ಹೊಸದಲ್ಲ. ಬಸ್ಸಿಳಿದು ಗದ್ದೆ ಬಯಲು ದಾಟಿ ಹಕ್ಕಲಿಗೆ ಹತ್ತಿದರೆ ನೆಲದ ಬಣ್ಣ ಇದ್ದಕ್ಕಿದ್ದಂತೆ ಬೂದಿಗೆ ತಿರುಗುತ್ತದೆ. ಕಾಲಿಗೆ ಮಡಕೆ ಚೂರು ಸಿಗುತ್ತವೆ. ಒಂದು ಹಳೇ ಹುಣಸೆ ಮರ, ಅದರ ಬುಡದಲ್ಲಿ ಅರ್ಧ ಹೂತ ವೀರಗಲ್ಲು, ಪಕ್ಕದಲ್ಲಿ ಕರುಗಲ್ಲು, ಮಾಡು ಬಿದ್ದ ಒಂದು ಗುಡಿ, ಕೆಳಗೆ ಹೂಳು ತುಂಬಿದ ಕೆರೆ. ಸುತ್ತಲಿನ ರೈತರು ಆ ಬೂದಿ ಮಣ್ಣನ್ನು ಗೊಬ್ಬರಕ್ಕೆಂದು ಗಾಡಿಯಲ್ಲಿ, ಈಗ ಟ್ರ್ಯಾಕ್ಟರಿನಲ್ಲಿ, ಹೇರಿಕೊಂಡು ಹೋಗಿ ಹೋಗಿ ಎಷ್ಟೋ ಕಡೆ ಊರಿದ್ದ ದಿಬ್ಬವೇ ಹಳ್ಳವಾಗಿದೆ.

ಇಂಥ ಹಾಳೂರುಗಳ ಬಗ್ಗೆ ನಮ್ಮಲ್ಲಿ ಬರವಣಿಗೆ ಇಲ್ಲವೆನ್ನುವ ಹಾಗಿಲ್ಲ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೆಯದರಲ್ಲಿ (1904) ಸೊರಬದವನ್ನೂ ಪ್ರಕಟಿಸಿದ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966), ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (1982) ಈ ಸೀಮೆಯ ಕಲ್ಲುಗಳನ್ನು ಬಿಟ್ಟು ನಡೆಯಲಾರವು. ಎಂ.ಎ. ಓದುವಾಗ ನಾನೂ ಇವುಗಳ ಬೆಳಕಿನಲ್ಲೇ ಕಣ್ಣುಬಿಟ್ಟವನು. ಆದರೆ ಈ ವಿದ್ವತ್ತಿನ ದಾರಿ ಕಲ್ಲಿನಿಂದ ಶುರುವಾಗಿ ಕಲ್ಲಿನಲ್ಲೇ ಮುಗಿಯುತ್ತದೆ. ಅಕ್ಷರವಿದ್ದ ಕಲ್ಲು ಮೊದಲು, ಶಿಲ್ಪವಿದ್ದ ಕಲ್ಲು ಆಮೇಲೆ, ಬರೀ ಕಲ್ಲು ಕಡೆಗೆ. ಕಲ್ಲೇ ಇಲ್ಲದ ಕಡೆ ಚರಿತ್ರೆಯೂ ಇಲ್ಲ. ಹಾಗಾಗಿ ಒಂದು ಹಾಳೂರಿನ ಬಗ್ಗೆ ಲೇಖನ ಬಂದರೆ ಅದರಲ್ಲಿ ಗುಡಿ ಇರುತ್ತದೆ, ದಾನ ಕೊಟ್ಟ ಗಾವುಂಡ ಇರುತ್ತಾನೆ, ದಾನ ಹಿಡಿದ ಆಚಾರ್ಯ ಇರುತ್ತಾನೆ, ಕಾದಿ ಸತ್ತ ವೀರ ಇರುತ್ತಾನೆ. ಕೇರಿ ಇರುವುದಿಲ್ಲ. ಇವತ್ತು ಬದುಕಿರುವ ಊರುಗಳಲ್ಲಿ ಕೇರಿ ಇಲ್ಲದ ಊರನ್ನು ಹುಡುಕುವುದು ಕಷ್ಟ; ಸತ್ತ ಊರುಗಳಲ್ಲಿ ಮಾತ್ರ ಕೇರಿಯೇ ಸಿಗುವುದಿಲ್ಲ. ಈ ವಿಚಿತ್ರವನ್ನು ಯಾರಾದರೂ ಕೇಳಬೇಕಲ್ಲ?

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲೊಂದು ಕಂಬವಿದೆ. ಮಂಡ್ಯದ ಮಳವಳ್ಳಿಯಲ್ಲ, ತಾಳಗುಂದದ ಹತ್ತಿರದ ಸಣ್ಣ ಊರು. ಪ್ರಾಕೃತದಲ್ಲಿ ಬರೆದ ಆ ಶಾಸನದಲ್ಲಿ ವೈಜಯಂತಿಯ, ಅಂದರೆ ಬನವಾಸಿಯ, ಚುಟು ವಂಶದ ಸಾತಕರ್ಣಿ ಒಂದು ಹಳ್ಳಿಯನ್ನು ಬ್ರಹ್ಮದೇಯವಾಗಿ ಕೊಡುತ್ತಾನೆ. ಅದೇ ಕಂಬದ ಮೇಲೆ ಮುಂದೆ ಬಂದ ಕದಂಬ ಅರಸನೊಬ್ಬ ತಪ್ಪಿಹೋಗಿದ್ದ ದಾನವನ್ನು ಮತ್ತೆ ಊರ್ಜಿತಗೊಳಿಸುತ್ತಾನೆ. ಕರ್ನಾಟಕದ ಅತಿ ಹಳೆಯ ಭೂದಾನದ ದಾಖಲೆಗಳಲ್ಲಿ ಇದೊಂದು. ಕೊಟ್ಟವನ ಹೆಸರು ಇದೆ, ತಗೊಂಡವನ ಗೋತ್ರ ಇದೆ. ಆ ಹಳ್ಳಿಯಲ್ಲಿ ಅದಾಗಲೇ ಉಳುತ್ತಿದ್ದವರು ಯಾರು? ಹಳ್ಳಿ ಕೈಬದಲಾದ ಮೇಲೆ ಅವರು ಎಲ್ಲಿಗೆ ಸರಿದರು?

ಅಲ್ಲಿಂದ ತಾಳಗುಂದಕ್ಕೆ ಬಂದರೆ ಕಥೆ ಇನ್ನೂ ದೊಡ್ಡದಾಗುತ್ತದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬ ಐದನೇ ಶತಮಾನದ್ದು. ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಕಥೆಯನ್ನು ನಮಗೆಲ್ಲ ಕೊಟ್ಟದ್ದು ಇದೇ ಕಂಬ. ಅಸಲಿಗೆ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ಕಾರಣಕ್ಕೆ. ಕಾಕುಸ್ಥವರ್ಮ ದೇವಾಲಯದ ಬಳಿ ದೊಡ್ಡ ಕೆರೆ ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಅದನ್ನು ಪದ್ಯಕಟ್ಟಿ ಕಲ್ಲಿಗೆ ಹಾಕಿದ. ಕವಿಯ ಹೆಸರು ಉಳಿಯಿತು, ಕಟ್ಟಿಸಿದವನ ಹೆಸರು ಉಳಿಯಿತು. ಬುಟ್ಟಿ ಹೊತ್ತವರು ನೂರೋ ಸಾವಿರವೋ, ಅವರು ಎಲ್ಲಿಂದ ಬಂದರು, ಕೆಲಸ ಮುಗಿದ ಮೇಲೆ ಎಲ್ಲಿ ಉಳಿದರು ಎಂಬುದು ಕಾವ್ಯಕ್ಕೆ ಬೇಕಾಗಲಿಲ್ಲ. ತಾಳಗುಂದದ ಮುಂದಿನ ಕಾಲದ ಶಾಸನಗಳಲ್ಲಿ ಮುಕ್ಕಣ್ಣ ಕದಂಬನ ಐತಿಹ್ಯ ಬರುತ್ತದೆ: ದಕ್ಷಿಣದಲ್ಲಿ ಬ್ರಾಹ್ಮಣರನ್ನು ಕಾಣದೆ ಅವನು ಉತ್ತರದ ಅಹಿಚ್ಛತ್ರಕ್ಕೆ ಹೋಗಿ ಸಾವಿರಾರು ಬ್ರಾಹ್ಮಣರನ್ನು ಕರೆತಂದು ಇಲ್ಲಿ ಅಗ್ರಹಾರ ಮಾಡಿ ನೆಲೆಗೊಳಿಸಿದನಂತೆ. ಇದು ಐತಿಹ್ಯ, ಚರಿತ್ರೆಯಲ್ಲ ಅಂತ ನಮಗೆ ಕಲಿಸಿದ್ದಾರೆ, ಸರಿಯೇ. ಆದರೆ ಐತಿಹ್ಯ ಕೂಡ ಒಂದು ಒಪ್ಪಿಗೆಯೇ. ಹೊರಗಿನಿಂದ ಬಂದವರು ನಾವು, ನಮಗಾಗಿ ನೆಲ ತೆರವಾಯಿತು ಅಂತ ಅಗ್ರಹಾರವೇ ತನ್ನ ಬಾಯಿಂದ ಹೇಳಿಕೊಂಡ ಮಾತದು.

2013-14ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಸಿಂಹಕಟಾಂಜನದ ಮೇಲೆ ಬರಹ ಸಿಕ್ಕಿತು. ಅದು ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯ ಕನ್ನಡ ಅಂತ ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ಕನ್ನಡದ ವಯಸ್ಸಿನ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಆ ಗದ್ದಲದಲ್ಲಿ, ಆ ಕನ್ನಡವನ್ನು ಬರೆಯಲು ಬಾರದೆ ಬರೀ ಆಡುತ್ತಿದ್ದ ಜನ ತಾಳಗುಂದದ ಯಾವ ದಿಕ್ಕಿಗೆ ಇದ್ದರು ಅಂತ ಒಬ್ಬರೂ ಕೇಳಿದ್ದನ್ನು ನಾನು ಓದಲಿಲ್ಲ.

ಈಗ ಬಂದಳಿಕೆಯ ಮಾತು. ಶಾಸನಗಳ ‘ಬಂದಣಿಕೆ’ ಇದೇ. ಬನವಾಸಿ ಹನ್ನೆರಡು ಸಾವಿರದೊಳಗಿನ ನಾಗರಖಂಡ ಎಪ್ಪತ್ತರ ಮುಖ್ಯ ಪಟ್ಟಣ. ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ ಗುಡಿ, ಸೋಮೇಶ್ವರ ಗುಡಿ, ಕೋಟೆಯ ಕುರುಹು ಎಲ್ಲ ಇವೆ; ಊರೇ ಇಲ್ಲ, ಸುತ್ತ ಕಾಡು. ಹತ್ತನೇ ಶತಮಾನದ ಮೊದಲ ಭಾಗದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲಕ್ಕೆ, ನಾಗರಖಂಡದ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಹೆಂಡತಿ ಜಕ್ಕಿಯಬ್ಬೆಗೆ ಅರಸ ಆ ಪದವಿ ಕೊಟ್ಟ. ಅವಳು ನಾಡನ್ನು ಆಳಿ, ಬಸದಿಗೆ ನಾಲ್ಕು ಮತ್ತರು ಗದ್ದೆ ಬಿಟ್ಟು, ಕಾಯಿಲೆ ಬಿದ್ದಾಗ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ಹಿಡಿದು ಪ್ರಾಣ ಬಿಟ್ಟಳು. ಹೆಣ್ಣೊಬ್ಬಳು ಆಡಳಿತ ನಡೆಸಿದ್ದಕ್ಕೆ ಸ್ತ್ರೀವಾದಿ ಗೆಳತಿಯರು ಈ ಶಾಸನವನ್ನು ಮತ್ತೆ ಮತ್ತೆ ಓದುತ್ತಾರೆ, ಓದಬೇಕು. ನನ್ನ ಕಣ್ಣು ಮಾತ್ರ ಆ ನಾಲ್ಕು ಮತ್ತರು ಗದ್ದೆಯ ಮೇಲೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಅದರ ಕೆಸರು ತುಳಿದವಳ ಹೆಸರೂ ಜಕ್ಕಿಯೋ ಮಾರಿಯೋ ಇದ್ದಿರಬೇಕು.

ಬಂದಳಿಕೆಯಿಂದ ಬಹಳ ದೂರವಿಲ್ಲದ ಬಳ್ಳಿಗಾವಿ ಪೂರ್ತಿ ಹಾಳಾಗಲಿಲ್ಲ, ಕುಗ್ಗಿತು. ಅಲ್ಲಿನ ಕೋಡಿಯ ಮಠದ 1162ರ ಶಾಸನ ಬಹಳ ಹೆಸರಾದದ್ದು: ವೇದ, ವ್ಯಾಕರಣಗಳ ಪಾಠ, ರೋಗಿಗಳಿಗೆ ಔಷಧ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಲ್ಲರಿಗೂ ಅನ್ನ. ಓದುವಾಗ ಮನಸ್ಸು ತುಂಬುತ್ತದೆ. ಹೊಲಗೇರಿಯಿಂದ ಬಂದ ಕುರುಡ ಆ ಪಂಕ್ತಿಯ ಯಾವ ತುದಿಯಲ್ಲಿ ಕೂತ ಅಂತ ಕೇಳಿಕೊಂಡ ತಕ್ಷಣ ಅದೇ ಮನಸ್ಸು ಅರ್ಧಕ್ಕೆ ಇಳಿಯುತ್ತದೆ. ಶಾಸನಗಳಲ್ಲಿ ಕೇರಿಯ ಹೆಸರು ಬರುವುದೇ ಇಲ್ಲ ಅಂತಲ್ಲ. ಬರುವ ಒಂದು ಜಾಗ ಶಾಪಾಶಯ. ಧರ್ಮಕ್ಕೆ ತಪ್ಪಿದವನು ಏನಾಗುತ್ತಾನೆ ಎಂದು ಹೇಳುವಾಗ ಕೆಲವು ಕಲ್ಲುಗಳು ನಮ್ಮ ಕುಲದ ಹೆಸರನ್ನು ಬೈಗುಳವಾಗಿ ಬಳಸಿಕೊಂಡಿವೆ. ದಾನದ ಪಾಠದಲ್ಲಿ ಜಾಗ ಸಿಗದವರಿಗೆ ಶಾಪದಲ್ಲಿ ಸಿಕ್ಕಿತು.

ಹಾಳೂರಿನಲ್ಲಿ ನಿಂತು ಈ ಪ್ರಶ್ನೆ ಕೇಳಲು ನಮಗೆ ಒಂದು ಹತಾರ ಬೇಕು. ಅದನ್ನು ಕೊಟ್ಟವರು ಬಾಬಾಸಾಹೇಬರು. 1948ರಲ್ಲಿ ಬಂದ, ಅಸ್ಪೃಶ್ಯರು ಯಾರು, ಅವರು ಹೇಗೆ ಅಸ್ಪೃಶ್ಯರಾದರು ಎಂದು ಕೇಳುವ ಪುಸ್ತಕದಲ್ಲಿ ಅವರು ಎತ್ತಿಕೊಂಡ ಮೊದಲ ಪ್ರಶ್ನೆಗಳಲ್ಲಿ ಒಂದು, ನಮ್ಮ ಜನ ಊರ ಹೊರಗೆ ಯಾಕಿದ್ದಾರೆ ಎಂಬುದು. ಉತ್ತರವಾಗಿ ಅವರು ಇಟ್ಟ ಊಹೆ ಹೀಗಿದೆ. ಬೇಸಾಯಕ್ಕೆ ನೆಲೆನಿಂತ ಜನರ ಮೇಲೆ ಅಲೆಮಾರಿ ಬುಡಕಟ್ಟುಗಳು ದನಕ್ಕಾಗಿ, ಕಾಳಿಗಾಗಿ ಏರಿ ಬರುತ್ತಿದ್ದವು. ಕಾದಾಟಗಳಲ್ಲಿ ಸೋತು ತಮ್ಮ ಬುಡಕಟ್ಟು ಒಡೆದು ಚದುರಿದ ಜನರಿಗೆ ಅನ್ನ, ಆಸರೆ ಬೇಕಿತ್ತು. ನೆಲೆನಿಂತವರಿಗೆ ಕಾವಲಿನವರು ಬೇಕಿತ್ತು. ಒಪ್ಪಂದವಾಯಿತು. ಆದರೆ ಚದುರಿದ ಜನ ಬೇರೆ ರಕ್ತದವರು, ಜೊತೆಗೆ ದಾಳಿ ಮೊದಲು ತಾಕುವುದು ಊರಂಚಿಗೆ. ಅದಕ್ಕೇ ಅವರ ನೆಲೆ ಊರ ಹೊರಗಾಯಿತು. ಮುಟ್ಟಬಾರದವರು ಎಂಬ ಮಾತು ಬಂದದ್ದು ಎಷ್ಟೋ ಕಾಲದ ಮೇಲೆ, ಸುಮಾರು ಕ್ರಿ.ಶ. 400ರ ಹೊತ್ತಿಗೆ, ದನದ ಮಾಂಸದ ಕಾರಣಕ್ಕೆ ಎಂಬುದು ಅವರ ಲೆಕ್ಕ.

ಈ ಊಹೆಯನ್ನು ಸೊರಬದ ವೀರಗಲ್ಲಿನ ಮುಂದೆ ನಿಂತು ಓದಿ ನೋಡಿ. ಮೂರು ಪಟ್ಟಿಯ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು, ಕತ್ತಿ, ಓಡುವ ದನ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವ ವೀರ, ಮೇಲೆ ಶಿವಸನ್ನಿಧಿ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು. ಊರಳಿವು ಎಂದರೆ ಊರನ್ನೇ ಸೂರೆಮಾಡಿ ಹಾಳುಗೆಡವುವುದು. ಹೆಂಗಸರ ಮಾನಕ್ಕೆ ಕೈಹಾಕಿದಾಗ ಕಾದಿ ಸತ್ತವರಿಗೂ ಕಲ್ಲುಂಟು. ಇವು ಈ ಎರಡು ತಾಲ್ಲೂಕುಗಳ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳು. ಅಂಬೇಡ್ಕರ್ ಕಲ್ಪಿಸಿಕೊಂಡ ಲೋಕ ಬೇರೆಲ್ಲೋ ಇರಲಿಲ್ಲ, ದಾಳಿ, ಸೂರೆ, ಕಾವಲು ಎಲ್ಲ ನಮ್ಮ ಹಾಳೂರಿನ ಹುಣಸೆ ಮರದ ಬುಡದಲ್ಲೇ ಕೆತ್ತಿಕೊಂಡು ನಿಂತಿದೆ. ತಳವಾರಿಕೆ, ತೋಟಿತನ, ನೀರುಗಂಟಿ ಕೆಲಸಗಳು ಕಾವಲಿನ ಕೆಲಸಗಳೇ. ಇತ್ತೀಚಿನವರೆಗೂ ಅವು ಬಹುಪಾಲು ಯಾರ ಹೆಗಲ ಮೇಲಿದ್ದವು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ಊರಳಿವು ನಡೆದ ರಾತ್ರಿ ದಾಳಿಯವರ ಕೈಗೆ ಮೊದಲು ಸಿಕ್ಕಿದ್ದು ಊರಂಚಿನ ಗುಡಿಸಲೇ ಇರಬೇಕು. ಆದರೆ ಕಲ್ಲು ಬಹುಪಾಲು ಊರೊಳಗಿನವರಿಗೆ ನಿಂತಿತು.

ಇಲ್ಲಿ ನನ್ನದೂ ಒಂದು ತಕರಾರಿದೆ. ಬಾಬಾಸಾಹೇಬರು ಹೇಳಿದ್ದಾರೆ ಎಂಬ ಒಂದೇ ಕಾರಣಕ್ಕೆ ಊಹೆಯನ್ನು ಪ್ರಮಾಣ ಮಾಡಿಕೊಂಡು ಕೂರುವುದು ಅವರಿಗೇ ಮಾಡುವ ಅನ್ಯಾಯ. ಮುನ್ನುಡಿಯಲ್ಲಿ ಅವರು ತಮ್ಮ ಕೆಲಸವನ್ನು ಒಡೆದ ಕಲ್ಲುಗಳಿಂದ ಒಂದು ನಗರವನ್ನು ಮತ್ತೆ ಕಟ್ಟಿಕೊಳ್ಳುವ ಪುರಾತತ್ವಜ್ಞನ ಕೆಲಸಕ್ಕೆ ಹೋಲಿಸಿಕೊಳ್ಳುತ್ತಾರೆ. ಕೊಂಡಿ ಕಳಚಿದ ಕಡೆ ಕಲ್ಪನೆ ಬಳಸಿದ್ದೇನೆ ಅಂತಲೂ ಒಪ್ಪುತ್ತಾರೆ. ಅವರದು ಹೋಲಿಕೆ, ನಮಗೆ ಅದು ಕೆಲಸವಾಗಬೇಕಿತ್ತು. 75 ವರ್ಷ ಮೇಲಾದರೂ ಆ ಊಹೆಯನ್ನು ಹಿಡಿದು ಕುಮುದ್ವತಿಯ ದಡದಲ್ಲೋ ವರದೆಯ ದಡದಲ್ಲೋ ಒಂದು ಕೇರಿಯ ನೆಲವನ್ನು ಹುಡುಕಿದವರನ್ನು ನಾನು ಕಂಡಿಲ್ಲ. ಮಳವಳ್ಳಿ, ತಾಳಗುಂದದ ಕಲ್ಲುಗಳು ಅಂಬೇಡ್ಕರ್ ಗುರುತಿಸಿದ ಕಾಲದ ಆಚೆ ಈಚೆಗೇ ಬೀಳುತ್ತವೆ. ಬ್ರಹ್ಮದೇಯ ಬಂದದ್ದೂ ಅಸ್ಪೃಶ್ಯತೆ ಗಟ್ಟಿಯಾದದ್ದೂ ಒಂದೇ ಹೊತ್ತಿಗಾದರೆ ಒಂದಕ್ಕೊಂದು ಕಾರಣ ಎಂದು ಆತುರದಲ್ಲಿ ಗಂಟುಹಾಕಲು ನಾನು ತಯಾರಿಲ್ಲ. ಆದರೆ ಆ ಪ್ರಶ್ನೆಯನ್ನು ಇಷ್ಟು ನೇರವಾಗಿ ಮಣ್ಣಿಗೇ ಕೇಳಬಹುದಾದ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಕೇರಿ ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಪಂಡಿತರ ಅಲಕ್ಷ್ಯ ಒಂದೇ ಕಾರಣವಲ್ಲ, ಮಣ್ಣೂ ಕಾರಣ. ಕೆಂಪು ಜಂಬಿಟ್ಟಿಗೆಯ ಈ ನೆಲ ಹುಳಿಮಣ್ಣು, ಮೂಳೆಯನ್ನು ತಿಂದುಹಾಕುತ್ತದೆ. ಮಣ್ಣಿನ ಗೋಡೆ, ಬಿದಿರ ತಟ್ಟಿ, ಹುಲ್ಲಿನ ಮಾಡು ನಾಲ್ಕು ಮಳೆಗಾಲಕ್ಕೆ ನೆಲಸಮ. ಆದರೂ ಏನೂ ಉಳಿಯುವುದಿಲ್ಲ ಅಂತ ಕೈಚೆಲ್ಲುವ ಹಾಗಿಲ್ಲ. ಸುಟ್ಟ ಕಾಳು ಉಳಿಯುತ್ತದೆ. ಹುಲ್ಲಿನೊಳಗಿನ ಸಿಲಿಕಾ ಕಣಗಳು ಉಳಿಯುತ್ತವೆ, ಸೂಕ್ಷ್ಮದರ್ಶಕದಲ್ಲಿ ರಾಗಿಯೋ ಭತ್ತವೋ ಅಂತ ಹೇಳುತ್ತವೆ. ಗೂಟ ನೆಟ್ಟ ಕುಳಿಯ ಮಣ್ಣಿನ ಬಣ್ಣ ಬೇರೆಯಾಗಿ ಉಳಿಯುತ್ತದೆ. ಒಲೆಯ ಸುಟ್ಟ ನೆಲ, ಬೀಸುಕಲ್ಲಿನ ತುಂಡು, ಕಬ್ಬಿಣದ ಕಿಟ್ಟ, ಚರ್ಮ ಹದಮಾಡುವ ಗುಂಡಿ ಎಲ್ಲವೂ ಹುಡುಕುವವನಿಗೆ ಸಿಗುವಂಥವೇ. ಇಂಗ್ಲೆಂಡಿನಲ್ಲಿ ವಾರಮ್ ಪರ್ಸಿ ಎಂಬ ಹಾಳೂರನ್ನು 1950ರಿಂದ 1990ರವರೆಗೆ ನಲವತ್ತು ಬೇಸಿಗೆ ಅಗೆದರು. ಮಾರಿಸ್ ಬೆರೆಸ್‌ಫರ್ಡ್ ಎಂಬ ಆರ್ಥಿಕ ಚರಿತ್ರೆಯ ಮೇಷ್ಟ್ರು ಅಲ್ಲಿಗೆ ಹೋದದ್ದು ಇಗರ್ಜಿ ನೋಡಲಿಕ್ಕಲ್ಲ. ಕುರಿ ಮೇಯಿಸಲಿಕ್ಕೆ ಒಡೆಯರು ಒಕ್ಕಲೆಬ್ಬಿಸಿದ ಬಡ ರೈತರ ಮನೆಗಳು ಎಲ್ಲಿದ್ದವು ಅಂತ ನೋಡಲಿಕ್ಕೆ. ಪುರಾತತ್ವದ ಜಾನ್ ಹರ್ಸ್ಟ್ ಜೊತೆಯಾದರು. ಹುಲ್ಲುಗಾವಲಿನಡಿಯಿಂದ ರೈತರ ಮನೆಗಳೇ ಎದ್ದು ಬಂದವು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಆಗದೆ ಇರುವುದಕ್ಕೆ ಮಣ್ಣಿನ ಹುಳಿಯನ್ನಷ್ಟೇ ದೂರಿದರೆ ಸಾಲದು.

ಎರಡು ವರ್ಷದಿಂದ ನಾನೂ ನನ್ನ ಕೆಲವು ವಿದ್ಯಾರ್ಥಿಗಳೂ ಬಿಡುವಾದಾಗಲೆಲ್ಲ ಸೊರಬದ ಕಡೆಯ ಒಂದು ಬೇಚರಾಕ್ ಗ್ರಾಮದಲ್ಲಿ ಓಡಾಡುತ್ತಿದ್ದೇವೆ. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ; ನಿಧಿಯ ಆಸೆಗೆ ವೀರಗಲ್ಲಿನ ಬುಡ ಅಗೆಯುವವರ ಕಾಟ ಅಲ್ಲಿ ಈಗಾಗಲೇ ಇದೆ. ನಾವು ಗುದ್ದಲಿ ಹಿಡಿದಿಲ್ಲ, ಅದಕ್ಕೆ ಪರವಾನಗಿ ಬೇಕು, ತಿಳಿವಳಿಕೆಯೂ ಬೇಕು. ಬರೀ ನಡೆಯುವುದು, ನೋಡುವುದು, ಹೆಜ್ಜೆಯಲ್ಲಿ ಅಳೆಯುವುದು, ಬರೆದುಕೊಳ್ಳುವುದು. ಊರಿನ ದಿಬ್ಬದ ಮೇಲೆ ನಾಡಹೆಂಚಿನ ಚೂರು, ನುಣುಪಾದ ಕರಿ ಮಡಕೆಯ ಚೂರು, ಗಾಜಿನ ಬಳೆ. ಮಂಗಳೂರು ಹೆಂಚು ಒಂದೂ ಇಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಹೆಂಚು ಘಟ್ಟ ಹತ್ತಿ ಇಷ್ಟು ಒಳನಾಡಿಗೆ ಬರುವ ಹೊತ್ತಿಗೆ ಉಳ್ಳವರು ಊರು ಬಿಟ್ಟಿರಬೇಕು ಎಂಬುದು ನಮ್ಮ ಅಂದಾಜು.

ಕೇರಿಯನ್ನು ಹುಡುಕಲು ನಾವು ಮಾಡಿದ್ದು ಸುಲಭದ ಕೆಲಸ. ಸುತ್ತಲಿನ ಬದುಕಿರುವ ಊರುಗಳಲ್ಲಿ ಕೇರಿ ಎಲ್ಲಿದೆ ಅಂತ ಮೊದಲು ನೋಡಿದೆವು. ಒಂದು ಗದ್ದೆಯ ಕೋಗೋ ಹಳ್ಳವೋ ನಡುವೆ ಇದ್ದೇ ಇರುತ್ತದೆ. ಊರ ಕೊಳೆನೀರು ಇಳಿಯುವ ಕಡೆಗೇ ಹೆಚ್ಚಾಗಿ ಮನೆಗಳು. ಅದೇ ಲೆಕ್ಕದಲ್ಲಿ ಹಾಳೂರಿನ ಕೆರೆಯ ಕೋಡಿ ದಾಟಿ ಇನ್ನೂರು ಹೆಜ್ಜೆ ಹೋದಾಗ, ಅಕೇಶಿಯಾ ಸಾಲಿನ ನಡುವೆ, ಒರಟು ಮಡಕೆಯ ಚೂರು ನೆಲತುಂಬ ಸಿಕ್ಕವು. ಬೀಸುಕಲ್ಲಿನ ಅರ್ಧ. ಕಲ್ಲು ಕಟ್ಟದ ಒಂದು ಬಾವಿ, ಬಾಯಿ ಮುಚ್ಚಿಹೋಗಿದೆ. ತುಕ್ಕು ಹಿಡಿದು ಹಾಳೆಯ ಹಾಗೆ ಪುಡಿಯಾಗುವ ತಗಡಿನ ತುಂಡುಗಳು. ಚಿಮಣಿ ಎಣ್ಣೆಯ ಡಬ್ಬದ್ದು ಅಂತ ಹುಡುಗರು ಗುರುತು ಹಿಡಿದರು. ದಿಬ್ಬದ ಮೇಲೆ ಇಂಥ ತಗಡು ನಮಗೆ ಒಂದೂ ಸಿಗಲಿಲ್ಲ. ಬಾವಿಯ ಪಕ್ಕ ಬಸರಿ ಮರದ ಕೆಳಗೊಂದು ಕಲ್ಲು. ಅಕ್ಷರವಿಲ್ಲ, ಶಿಲ್ಪವಿಲ್ಲ. ಅದರ ಮೇಲಿನ ಕುಂಕುಮ ಮಾತ್ರ ಹೊಸದು.

ಆ ಕುಂಕುಮದ ಜಾಡು ಹಿಡಿದು ಹೋಗಿ ಮೂರು ಮೈಲಿ ಆಚೆಯ ರಸ್ತೆ ಬದಿಯ ಕೇರಿಯಲ್ಲಿ ಒಬ್ಬ ಅಜ್ಜಿಯನ್ನು ಕಂಡೆವು. ಕಲ್ಲು ಮಾತಂಗಿಯದು.

“ಊರು ಹಾಳಾತು, ಮಾತಂಗಿ ಹಾಳಾಗ್ಲಿಲ್ಲ ಮೇಷ್ಟ್ರೇ. ವರ್ಸಕ್ಕೊಂದು ಸಲ ಹೋಗಿ ದೀಪ ಹಚ್ಚಿ ಬತ್ತೀವಿ.”

ಊರು ಯಾಕೆ ಬಿಟ್ರಿ ಅಜ್ಜಿ ಅಂತ ಕೇಳಿದೆ.

“ನಾವೆಲ್ಲಿ ಬಿಟ್ವಿ? ಜ್ವರ ಬಂತಂತೆ, ಗೌಡ್ರು ಗಾಡಿ ಕಟ್ಟಿದ್ರಂತೆ. ನಮಗೆ ಗಾಡಿ ಎಲ್ಲಿತ್ತು? ನಮ್ಮಜ್ಜ ಗದ್ದೆ ಕಾಯ್ಕಂಡು, ಕೆರೆ ತೂಬು ನೋಡ್ಕಂಡು ಅಲ್ಲೇ ಇದ್ನಂತೆ. ಎಷ್ಟೋ ವರ್ಸ ಆದ್ಮೇಲೆ ಇಲ್ಲಿಗೆ ಬಂದದ್ದು.”

ಅದೇ ಊರಿನಿಂದ ಬಂದ ಮೇಲ್ಜಾತಿಯ ಮನೆತನವೊಂದರ ಹಿರಿಯರನ್ನೂ ಕಂಡೆವು, ಮರ್ಯಾದೆಯಿಂದಲೇ ಮಾತಾಡಿದರು. ಮಾರಿ ಬಂತು, ಒಂದೇ ರಾತ್ರಿ ಊರಿಗೆ ಊರೇ ಎದ್ದುಬಂತು ಎಂಬುದು ಅವರ ಮನೆಯಲ್ಲಿ ಉಳಿದ ಕಥೆ. ‘ಊರಿಗೆ ಊರೇ’ ಎಂಬ ಮಾತಿನೊಳಗೆ ಕೇರಿ ಇರಲಿಲ್ಲ. ಎರಡು ನೆನಪುಗಳಲ್ಲಿ ಯಾವುದನ್ನೂ ನಾನು ಕಣ್ಣುಮುಚ್ಚಿ ನಂಬುವುದಿಲ್ಲ. ಬಾಯಿಮಾತಿನ ಚರಿತ್ರೆಗೆ ಅದರದೇ ಮರೆವು, ಅದರದೇ ಹಟ ಇರುತ್ತದೆ. ಆದರೆ ತಗಡಿನ ತುಂಡುಗಳು ಬಿದ್ದಿರುವುದು ಅಜ್ಜಿಯ ಕಡೆಗೆ. ಸರ್ವೆಯ ಕಾಗದದಲ್ಲಿ ಊರು ಬೇಚರಾಕ್ ಆದ ಮೇಲೂ ಕೋಡಿಯಾಚೆ ಚಿಮಣಿ ಉರಿಯುತ್ತಿದ್ದಿರಬೇಕು.

ಊರುಗಳು ಹಾಳಾಗಲು ಕಾರಣಗಳೇನೂ ಕಡಿಮೆಯಿಲ್ಲ. 1791-92ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಶಿವಮೊಗ್ಗದ ಸೀಮೆಯನ್ನು ತುಳಿಯಿತು. 1799-1800ರಲ್ಲಿ ಧೋಂಡಿಯಾ ವಾಘ್, ಅವನ ಬೆನ್ನಟ್ಟಿದ ಇಂಗ್ಲಿಷರು. 1830-31ರಲ್ಲಿ ನಗರದ ದಂಗೆ. 1876-78ರ ಬರ. ಆಮೇಲೆ ಮಲೆನಾಡಿನ ಚಳಿಜ್ವರ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಮಲೆನಾಡು ತಾಲ್ಲೂಕುಗಳ ಜನಸಂಖ್ಯೆ ಇಳಿಯುವುದನ್ನು ಕಂಡು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರ ಮಲೆನಾಡು ಸುಧಾರಣೆಗೆಂದೇ ಯೋಜನೆ ಹಾಕಬೇಕಾಯಿತು. 1957ರಲ್ಲಿ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಮಂಗನ ಕಾಯಿಲೆ ಅಂತ ನಾವು ಕರೆಯುವುದಕ್ಕೆ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಕ್ಯಾಸನೂರಿನ ಹೆಸರೇ ಉಳಿಯಿತು. ಉಣ್ಣೆ ಕಚ್ಚುವುದು ದರಗು ಗುಡಿಸಲು, ಸೌದೆ ಹೊರಲು ಕಾಡಿಗೆ ಹೋಗುವವರನ್ನು.

ರೋಗವಾಗಲಿ ದಂಡಾಗಲಿ ಊರಿಗೂ ಕೇರಿಗೂ ಒಟ್ಟಿಗೇ ಬರುತ್ತದೆ. ಬಿಟ್ಟುಹೋಗುವ ಅನುಕೂಲ ಮಾತ್ರ ಒಟ್ಟಿಗೆ ಬರುವುದಿಲ್ಲ. ಗಾಡಿ, ಎತ್ತು, ಬಿತ್ತನೆ ಬೀಜ, ಬೇರೆ ಊರಲ್ಲಿ ನೆಂಟರು, ಅಲ್ಲಿ ಮನೆ ಕಟ್ಟಲು ಜಾಗ ಇಷ್ಟೂ ಇದ್ದವನು ಹೊರಡುತ್ತಾನೆ. ಹೋದ ಜಾಗದಲ್ಲೂ ಹೊರಗೇ ಜಾಗ ಹುಡುಕಬೇಕಾದವನು ಯೋಚಿಸುತ್ತಾನೆ. ಶಿಕಾರಿಪುರದ ಈಸೂರನ್ನು ನೆನೆಯಿರಿ. 1942ರ ಸೆಪ್ಟೆಂಬರಿನಲ್ಲಿ ಅಮಲ್ದಾರನೂ ಪೊಲೀಸ್ ಅಧಿಕಾರಿಯೂ ಸತ್ತ ಮೇಲೆ ಜನ ಕಾಡು ಸೇರಿದರು, ಪೊಲೀಸರು ಊರನ್ನು ಸೂರೆ ಮಾಡಿದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೆ ಹಾಕಿದರು. ಇಷ್ಟಾದರೂ ಈಸೂರು ಹಾಳೂರಾಗಲಿಲ್ಲ. ಜನ ಮರಳಿದರು, ಮರಳಲಿಕ್ಕೆ ಅವರಿಗೆ ನೆಲವಿತ್ತು.

ನೆಲದ ಮಾತಿಗೆ ಬಂದದ್ದರಿಂದ ಕಾಗದದ ಮಾತನ್ನೂ ಆಡಲೇಬೇಕು. ತಳವಾರ, ತೋಟಿ, ನೀರುಗಂಟಿಯ ಚಾಕರಿಗೆ ಪ್ರತಿಯಾಗಿ ಅನುಭವಿಸುತ್ತಿದ್ದ ಜಮೀನಿಗೆ ಮಾನ್ಯ ಎನ್ನುತ್ತಿದ್ದರು. 1961ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಚಾಕರಿ ಹೋಯಿತು. ಆ ಜಮೀನು ಅದೇ ಮನೆತನಕ್ಕೆ ಮರುಮಂಜೂರಾಗಬೇಕಿತ್ತು. ಊರೇ ಇಲ್ಲದ ಊರಿನ ನೀರುಗಂಟಿ ತಾನು ನೀರುಗಂಟಿ ಅಂತ ಯಾರ ಮುಂದೆ ಹೇಳಬೇಕು, ಸಾಕ್ಷಿಗೆ ಯಾರನ್ನು ಕರೆಯಬೇಕು? 1978ರ ಪಿಟಿಸಿಎಲ್ ಕಾಯ್ದೆ ನಮ್ಮವರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ಕಾಯುತ್ತದೆ, ನಿಜ. ಆದರೆ ಅದು ಮಂಜೂರಾದ ಜಮೀನಿಗೆ. ಮಂಜೂರಾತಿಯ ಕಾಗದವೇ ಹುಟ್ಟದ ಕಡೆ ಅದು ಕಾಯುವುದೇನನ್ನು? ಇನ್ನೊಂದು ಕಡೆಯಿಂದ ಕಾಡು. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ವರದಿ ಬರೆದರು. ಆಗಿನಿಂದ ಈಗಿನವರೆಗೆ ಇಲಾಖೆಯ ಗೆರೆ ಹಿಗ್ಗುತ್ತ ಬಂದಿದೆ. ದೀಪವಿಲ್ಲದ ಊರಿನ ಹಕ್ಕಲು ಆ ಗೆರೆಯೊಳಗೆ ಹೋದರೆ ತಕರಾರು ಮಾಡುವವರು ಇರುವುದಿಲ್ಲ ಎಂಬುದು ಗೆರೆ ಎಳೆಯುವವರಿಗೆ ಗೊತ್ತು. ನಾನು ಹೇಳಿದ ಕೇರಿಯ ಮೇಲೆ ಅಕೇಶಿಯಾ ನಿಂತಿರುವುದು ಹಾಗೆ.

ಸೊರಬ ಅಂದರೆ ನಮ್ಮ ಚಳವಳಿಯ ನೆನಪಿನಲ್ಲಿ 1986ರ ಚಂದ್ರಗುತ್ತಿ. ಬೆತ್ತಲೆ ಸೇವೆಯ ವಿರುದ್ಧ ಭದ್ರಾವತಿಯ ಮಣ್ಣಿನಿಂದ ಎದ್ದ ದಲಿತ ಸಂಘರ್ಷ ಸಮಿತಿ ಅಲ್ಲಿ ನಿಂತದ್ದು, ಏಟು ತಿಂದದ್ದು ನಾನು ಹುಟ್ಟುವ ಮೊದಲಿನ ಮಾತು; ಹಿರಿಯರ ಬಾಯಲ್ಲಿ ಕೇಳಿ ಬೆಳೆದವನು. ಅದು ಮೈಯ ಮರ್ಯಾದೆಯ ಹೋರಾಟ. ನೆಲದ ಹೋರಾಟವೂ ಜೊತೆಗೇ ಇತ್ತು. ಆದರೆ ನಮ್ಮದಾಗಿದ್ದ ನೆಲವನ್ನು ನಮ್ಮದೇ ಎಂದು ತೋರಿಸುವ ಪುರಾವೆಯನ್ನು ಹುಡುಕುವ ಕೆಲಸವನ್ನು ನಾವು ವಕೀಲರಿಗೆ ಬಿಟ್ಟೆವು, ವಕೀಲರು ಕಾಗದಕ್ಕೆ ಬಿಟ್ಟರು. ದಲಿತ ವಿಮರ್ಶೆ ಅಂದಾಗ ನಾವು ಕಥೆ, ಕಾವ್ಯ, ಆತ್ಮಕಥನಗಳ ಸುತ್ತಲೇ ತಿರುಗುತ್ತೇವೆ. ಮಡಕೆ ಚೂರು ಕೂಡ ಪಠ್ಯವೇ. ಅದನ್ನು ಓದುವ ವಿದ್ಯೆ ಬೇಕು, ಕೇರಿಯ ಹುಡುಗ ಹುಡುಗಿಯರು ಪುರಾತತ್ವದ ತರಗತಿಗಳಿಗೆ ಹೋಗಬೇಕು. ಕೆಲಸ ಸಿಗದ ವಿಷಯ ಅಂತ ನಾವೇ ಅವರನ್ನು ತಡೆಯುತ್ತಿದ್ದೇವೆ.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನ ನಂಟಿನಲ್ಲಿ ಇದ್ದರೆಂದು ತೋರಿಸಬೇಕು. ಈ ಷರತ್ತಿಗೇ ಮಲೆನಾಡಿನಲ್ಲಿ ಎಷ್ಟೋ ಬಡವರ ಅರ್ಜಿ ಬಿದ್ದುಹೋಗಿವೆ. 1930ರ ಕಾಗದ ಕೇರಿಯವರ ಹತ್ತಿರ ಎಲ್ಲಿಂದ ಬರಬೇಕು? ಆದರೆ 2008ರ ನಿಯಮಗಳಲ್ಲಿ ಪುರಾವೆಯ ಪಟ್ಟಿ ಕಾಗದಕ್ಕೇ ನಿಲ್ಲುವುದಿಲ್ಲ. ಮನೆ, ಗುಡಿಸಲು, ಸಮಮಾಡಿದ ನೆಲ, ಒಡ್ಡು, ಬಾವಿ, ಹೂಳುವ ಜಾಗ, ಪೂಜೆಯ ಜಾಗ ಇವೂ ಪುರಾವೆಗಳು ಅಂತ ಬರೆದಿದೆ. ಹಿರಿಯರ ಹೇಳಿಕೆಯನ್ನೂ ಬರೆದು ತೆಗೆದುಕೊಳ್ಳಬಹುದು.

ಅಜ್ಜಿಯ ಕೇರಿಯ ಕೆಲವು ಮನೆಯವರು ಈಗಲೂ ಆ ಹಳೇ ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಮಾಡುತ್ತಾರೆ, ಪ್ರತಿ ಮಳೆಗಾಲಕ್ಕೂ ಅದು ಒತ್ತುವರಿ ಅಂತ ಮಾತು ಕೇಳುತ್ತಾರೆ. ಹೋದ ಬೇಸಿಗೆಯಲ್ಲಿ ನಾವು ಬಾವಿಯ ಸುತ್ತಳತೆ, ಮಾತಂಗಿ ಕಲ್ಲಿನಿಂದ ಕೋಡಿಗೆ ಇರುವ ದೂರ, ತಗಡು ಸಿಕ್ಕ ಜಾಗ ಎಲ್ಲವನ್ನೂ ಗುರುತುಮಾಡಿ ಕೈನಕ್ಷೆ ಬರೆದುಕೊಟ್ಟೆವು. ಅಜ್ಜಿಯ ಹೇಳಿಕೆಯನ್ನು ಒಬ್ಬ ವಿದ್ಯಾರ್ಥಿನಿ ಅಜ್ಜಿಯ ಮಾತಿನಲ್ಲೇ ಬರೆದುಕೊಂಡಳು, ತಿದ್ದಬೇಡ ಅಂತ ನಾನು ಹೇಳಿದ್ದೆ. ಎರಡೂ ಅರ್ಜಿಯ ಜೊತೆಗೆ ಹೋಗಿವೆ. ಬಾವಿಯ ಹೂಳು ತೆಗೆಸಬೇಕೋ ಹಾಗೇ ಬಿಡಬೇಕೋ ಎಂಬ ಚರ್ಚೆ ಕೇರಿಯಲ್ಲಿ ನಡೆದಿದೆ. ಪುರಾವೆ ಕೆಡುತ್ತದೆ, ಬಿಡಿ ಅಂತ ನಾನು. ಗದ್ದೆಗೆ ಹೋದಾಗ ಕುಡಿಯಲು ನೀರಾಗುತ್ತದೆ, ತೆಗೆಸೋಣ ಅಂತ ಅವರು.